ಒಪ್ಪಿಸಿದ್ದು, ಒಪ್ಪಿಕೊಂಡದ್ದು

ತಾರೀಖು ಹದಿನೇಳು, ಭಾನುವಾರ
ಬೆಳಗ್ಗೆ ಹತ್ತು ಗಂಟೆ

ಪೂಜ್ಯ ಅತ್ತೆಯವರಿಗೆ,

ನಿಮ್ಮ ಅಳಿಯನ ನಮಸ್ಕಾರಗಳು. ಉಭಯಕುಶಲೋಪರಿ ಎಂದು ಬರೆದು ಮುಂದಕ್ಕೆ ಹೋಗೋಣವೆಂದು ಪೆನ್ನು ಎತ್ತಿದೆ. ಆದರೆ ನಮ್ಮ ಕಡೆ ಕುಶಲ ಎಂದರೆ ನೀವು ನಂಬುವ ಸ್ಥಿತಿಯಲ್ಲಿಲ್ಲ ಎಂಬುದು ನಿಮ್ಮ ಪತ್ರದ ಮೊದಲ ಸಾಲಿನಲ್ಲೇ ಗೊತ್ತಾಯಿತು. ಹಾಗಾಗಿ ನಿಮ್ಮ ಮಂಡಿನೋವು ಹೇಗಿದೆ, ಮಾವನವರ ಕೆಮ್ಮು ಇಳಿಯಿತೇ ಎಂದಷ್ಟೇ ಕೇಳಿ ವಿಷಯಕ್ಕೆ ಬರುತ್ತೇನೆ.

ಪತ್ರ ಕೈಸೇರಿ ಮೂರು ವಾರವಾಯಿತು. ಇಷ್ಟು ತಡ ಮಾಡಿದ್ದಕ್ಕೆ ಕ್ಷಮಿಸಬೇಕು. ಪ್ರೆಸ್ಸಿನಲ್ಲಿ ಶಾಲೆಯ ಪುಸ್ತಕಗಳ ಬೈಂಡಿಂಗ್ ಕೆಲಸ ತಲೆಯ ಮೇಲೆ ಕೂತಿತ್ತು ಎಂಬ ನೆಪ ಕೈಯಲ್ಲಿದೆ, ಅದು ಸುಳ್ಳೂ ಅಲ್ಲ. ನಿಜ ಹೇಳಬೇಕೆಂದರೆ ನಾಲ್ಕು ಸಲ ಬರೆದು ನಾಲ್ಕು ಸಲವೂ ಹರಿದು ಹಾಕಿದೆ. ಫೋನ್ ಮಾಡಿದರೆ ನೀವು ನನ್ನ ಹಲೋ ಮುಗಿಯುವ ಮೊದಲೇ ‘ಮಕ್ಕಳಿಗೆ ಕೊಡಿ’ ಎನ್ನುತ್ತೀರಿ. ಆದ್ದರಿಂದ ಕಾಗದವೇ ಗತಿ. ಕಾಗದವನ್ನು ನೀವು ಸಿಟ್ಟಿನಿಂದ ಪಕ್ಕಕ್ಕಿಟ್ಟರೂ ಅದು ಅಲ್ಲೇ ಇರುತ್ತದೆ, ಮಧ್ಯಾಹ್ನ ಊಟವಾದ ಮೇಲೆ ಮತ್ತೆ ಕೈಗೆತ್ತಿಕೊಳ್ಳುತ್ತೀರಿ. ನಿಮ್ಮ ಸ್ವಭಾವ ನನಗೆ ಗೊತ್ತಿಲ್ಲವೇ?

ನೀವು ಬರೆದದ್ದು ಹೀಗೆ: ‘ನಮ್ಮ ಮಗಳು ಹೆತ್ತ ಮಕ್ಕಳ ಕೈಲಿ ನಿಮ್ಮ ಹೊಸ ಹೆಂಡತಿ ಪಾತ್ರೆ ತೊಳೆಸುತ್ತಾಳಂತೆ, ಮೆಟ್ಟಿಲು ಗುಡಿಸುತ್ತಾಳಂತೆ. ಎಂಟು ವರ್ಷದ ಕೂಸಿಗೆ ಪೊರಕೆ! ರಜಾ ಶುರುವಾದ ದಿನ ನಾನು ಬರುತ್ತೇನೆ, ಇಬ್ಬರನ್ನೂ ಕರೆದುಕೊಂಡು ಹೋಗುತ್ತೇನೆ. ಮತ್ತೆ ಕಳಿಸುವ ಮಾತಿಲ್ಲ.’ ಸುದ್ದಿ ಮುಟ್ಟಿಸಿದವರು ಯಾರೆಂದು ನೀವು ಬರೆದಿಲ್ಲ. ಬರೆಯುವುದು ಬೇಕಾಗಿಯೂ ಇಲ್ಲ. ಕೆಳಗಿನ ಮನೆಯ ಟೈಲರಮ್ಮನ ಹೊಲಿಗೆ ಯಂತ್ರಕ್ಕಿಂತ ನಾಲಿಗೆ ಜೋರಾಗಿ ಓಡುತ್ತದೆ ಎಂಬುದು ಈ ಬೀದಿಗೆಲ್ಲ ಗೊತ್ತು.

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುವುದಿಲ್ಲ ಅತ್ತೆ. ಸುದ್ದಿ ನಿಜ. ನಿಮ್ಮ ಮೊಮ್ಮಗ ಗುಂಡ ಮೂರು ಮಹಡಿಯ ಮೆಟ್ಟಿಲಲ್ಲಿ ನಮ್ಮ ಪಾಲಿನ ಇಪ್ಪತ್ತೆರಡು ಮೆಟ್ಟಿಲು ಗುಡಿಸುತ್ತಾನೆ. ನಿಮ್ಮ ಮೊಮ್ಮಗಳು ಪುಟ್ಟಕ್ಕ ಇಸ್ತ್ರಿ ಮಾಡುತ್ತಾಳೆ, ಬೆಳಗಿನ ಹಾಲು ಕಾಯಿಸುತ್ತಾಳೆ, ವಾರದಲ್ಲಿ ಎರಡು ದಿನ ತರಕಾರಿ ಹೆಚ್ಚುತ್ತಾಳೆ. ಇನ್ನೂ ಒಂದು ಸುದ್ದಿ ಟೈಲರಮ್ಮನಿಗೆ ಗೊತ್ತಿಲ್ಲ, ನಾನೇ ಹೇಳಿಬಿಡುತ್ತೇನೆ: ನಿಮ್ಮ ಅಳಿಯ ಬಚ್ಚಲು ಉಜ್ಜುತ್ತಾನೆ. ಈ ಸಾಲನ್ನು ಮಾವನವರಿಗೆ ಓದಿ ಹೇಳಬೇಡಿ, ಕೆಮ್ಮು ಹೆಚ್ಚಾದೀತು.

ಇದೆಲ್ಲ ಹೇಗಾಯಿತು ಎಂಬುದನ್ನು ಕೇಳಿದ ಮೇಲೆ ನಿಮಗೆ ತೋಚಿದ್ದು ಮಾಡಿ.

ನಿಮ್ಮ ಮಗಳು ಹೋದ ಮೇಲೆ ನೀವು ಎಂಟು ತಿಂಗಳು ಇಲ್ಲಿದ್ದು ನಮ್ಮನ್ನು ಕಾಪಾಡಿದಿರಿ. ಆ ಋಣ ನಾನು ಸತ್ತರೂ ತೀರದು. ಆದರೆ ನೀವು ಹೊರಟ ಮರುದಿನ ಅಡುಗೆಮನೆಯಲ್ಲಿ ನಿಂತಾಗ ಉಪ್ಪಿನ ಡಬ್ಬಿ ಯಾವುದೆಂದು ನನಗೆ ಗೊತ್ತಿರಲಿಲ್ಲ. ಹನ್ನೊಂದು ವರ್ಷ ಸಂಸಾರ ಮಾಡಿದ ಮನೆ! ಪ್ರೆಸ್ಸಿನಲ್ಲಿ ಫಾರಂ, ಅಂದರೆ ಅಚ್ಚಾದ ಹಾಳೆ, ಮಡಚುವಾಗ ಅಂಚು ಕೂದಲೆಳೆಯಷ್ಟು ಓರೆಯಾದರೂ ಹುಡುಗರ ಮೇಲೆ ಎಗರಾಡುವ ನಾನು, ಮನೆಯಲ್ಲಿ ಒಂದು ಚಾದರ ಮಡಚಿದವನಲ್ಲ. ಮಕ್ಕಳು ನನ್ನನ್ನು ನೋಡಿಯೇ ಕಲಿತಿದ್ದರು. ತಟ್ಟೆ ಉಂಡ ಕಡೆ, ಚೀಲ ಎಸೆದ ಕಡೆ, ಕಾಲುಚೀಲ ಒಂದು ಮಂಚದ ಕೆಳಗೆ, ಇನ್ನೊಂದು ಯಾವ ಲೋಕದಲ್ಲೋ.

ನಾನು ಸುಮ್ಮನಿರಲಿಲ್ಲ. ಮೊದಲು ಕಿರುಚಿದೆ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತು. ಆಮೇಲೆ ಚಾಕೊಲೇಟಿನ ಆಸೆ ತೋರಿಸಿದೆ. ಗುಂಡ ಒಂದು ಚಮಚ ತೊಳೆದು ಒಂದು ಚಾಕೊಲೇಟು, ಇನ್ನೊಂದು ಚಮಚ ತೊಳೆದು ಇನ್ನೊಂದು ಚಾಕೊಲೇಟು ಕೇಳಿದ. ತಟ್ಟೆಗೆ ಎಷ್ಟು ಎಂದು ಚೌಕಾಸಿಗೆ ಕೂತ. ಕೊನೆಗೆ ನನ್ನ ವಿದ್ಯೆಯನ್ನೆಲ್ಲ ಖರ್ಚು ಮಾಡಿ ಒಂದು ಪುಸ್ತಕ ಕಟ್ಟಿದೆ. ದಪ್ಪ ರಟ್ಟು, ಬಟ್ಟೆಯ ಬೆನ್ನು, ಒಳಗೆ ಪ್ರತಿ ಪುಟದಲ್ಲೂ ‘ಪಾತ್ರೆ’, ‘ಪೊರಕೆ’, ‘ಹಾಸಿಗೆ’ ಎಂಬ ಚೀಟಿಗಳು. ಕೆಲಸ ಮುಗಿಸಿದವರು ಹರಿದು ಡಬ್ಬಿಗೆ ಹಾಕಲಿ ಎಂದು ಚುಕ್ಕಿ ಚುಕ್ಕಿಯಾಗಿ ತೂತು ಹೊಡೆಸಿದ್ದೆ. ಪ್ರೆಸ್ಸಿನ ಯಜಮಾನರೇ ನೋಡಿ ಮೆಚ್ಚಿದರು. ಮರುದಿನ ಸಂಜೆ ಬಂದು ನೋಡಿದರೆ ಗುಂಡ ಅಷ್ಟೂ ಚೀಟಿ ಹರಿದು ಸೋಫಾದ ಮೇಲೆ ಬಸ್ ಕಂಡಕ್ಟರ್ ಆಗಿದ್ದಾನೆ! ಪುಟ್ಟಕ್ಕನ ಕೈಯಲ್ಲಿ ‘ಪೊರಕೆ’ಯ ಟಿಕೆಟ್ಟು. ಸಿಂಕು ಎಂದಿನಂತೆ ತುಂಬಿ ತುಳುಕುತ್ತಿತ್ತು.

ಇಂಥ ಮನೆಗೆ ಇವಳು ಬಂದಳು. ಹದಿನೆಂಟು ತಿಂಗಳಾಯಿತು. ನೀವು ಮದುವೆಗೆ ಬರಲಿಲ್ಲ, ಅದರ ಬಗ್ಗೆ ನನಗೂ ಇವಳಿಗೂ ಬೇಸರವಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೂ ಬರುತ್ತಿರಲಿಲ್ಲ.

ಇವಳು ಆಸ್ಪತ್ರೆಯಲ್ಲಿ ವಾರ್ಡಿನ ನರ್ಸು ಎಂಬುದು ನಿಮಗೆ ಗೊತ್ತು. ಬಂದ ದಿನವೇ ಮಕ್ಕಳನ್ನು ಕೂರಿಸಿಕೊಂಡು ಹೇಳಿದಳು, “ನನ್ನನ್ನ ಅಮ್ಮ ಅನ್ನಬೇಡಿ. ಆ ಹೆಸರು ಒಬ್ಬರದ್ದು, ಅವರ ಹತ್ರಾನೇ ಇರಲಿ. ಆಸ್ಪತ್ರೇಲಿ ಎಲ್ಲರೂ ಸಿಸ್ಟರ್ ಅಂತಾರೆ. ನೀವೂ ಬೇಕಾದ್ರೆ ಹಾಗೇ ಅನ್ನಿ.” ಅಂದಿನಿಂದ ಗುಂಡನಿಗೆ ಅವಳು ಸಿಸ್ಟರ್. ಅಂಗಡಿಯಲ್ಲಿ “ಸಿಸ್ಟರ್, ಬಿಸ್ಕತ್ತು!” ಎಂದು ಕೂಗಿದಾಗ ಜನ ನನ್ನನ್ನೂ ಅವಳನ್ನೂ ಮತ್ತೆ ಮತ್ತೆ ನೋಡುತ್ತಾರೆ. ಪುಟ್ಟಕ್ಕ ಮಾತ್ರ ಅವಳನ್ನು ಯಾವ ಹೆಸರಿನಿಂದಲೂ ಕರೆಯಲಿಲ್ಲ.

ಮೊದಲ ಎರಡು ವಾರ ಇವಳು ಯಾರಿಗೂ ಒಂದು ಕಡ್ಡಿ ಎತ್ತಿಡು ಎನ್ನಲಿಲ್ಲ. ಎಲ್ಲವನ್ನೂ ತಾನೇ ಮಾಡಿದಳು. ಮೂರನೇ ವಾರದ ಶನಿವಾರ ಬೆಳಗ್ಗೆ ಡ್ಯೂಟಿಗೆ ಹೊರಟವಳು ಬಾಗಿಲ ಬಳಿ ನಿಂತಳು. ಗುಂಡ ನೆಲದ ಮೇಲೆ ಕೂತು ಆಟಿಕೆ ಕಾರಿನ ಚಕ್ರ ಕೀಳುತ್ತಿದ್ದ. ಅವನೆದುರು ಹೋಗಿ, ದೊಡ್ಡವರ ಎದುರು ನಿಂತ ಹಾಗೆ ನೆಟ್ಟಗೆ ನಿಂತು ಹೇಳಿದಳು: “ನನ್ನ ಪಾಳಿ ಮುಗೀತು. ನಿನಗೆ ಒಪ್ಪಿಸ್ತಾ ಇದ್ದೀನಿ. ಹಾಲು ಕಾಯಿಸಿದೀನಿ, ಇನ್ನೂ ಆರಿಲ್ಲ, ಆರಿದ ಮೇಲೆ ಮುಚ್ಚಬೇಕು. ರೂಮಿನ ಕಿಟಕಿ ತೆಗೆದಿದೆ, ಮಳೆ ಬಂದ್ರೆ ಹಾಕಬೇಕು. ಸಿಂಕಲ್ಲಿ ಎರಡು ಲೋಟ ಉಳಿದಿದೆ, ನನಗೆ ಟೈಮ್ ಸಾಕಾಗಲಿಲ್ಲ. ಮಧ್ಯಾಹ್ನ ನಾನು ಬಂದಾಗ ನೀನು ನನಗೆ ಒಪ್ಪಿಸು.”

ಗುಂಡ ಬಾಯಿ ಬಿಟ್ಟುಕೊಂಡು ನೋಡಿದ. ನಾನು ಪೇಪರಿನ ಹಿಂದೆ ನಕ್ಕೆ. ಹೊರಗೆ ಬಂದ ಮೇಲೆ “ಏನಿದು ನಾಟಕ?” ಎಂದೆ. “ನಾಟಕ ಅಲ್ಲ. ನಮ್ಮ ವಾರ್ಡಲ್ಲಿ ಪಾಳಿ ಮುಗೀತು ಅಂತ ಎದ್ದು ಹೋಗೋಕಾಗಲ್ಲ. ಮುಂದಿನವರಿಗೆ ಒಂದೊಂದು ಹಾಸಿಗೆ ಮುಂದೇನೂ ನಿಂತು, ಏನಾಗಿದೆ ಏನು ಬಾಕಿ ಅಂತ ಒಪ್ಪಿಸಿಯೇ ಹೋಗಬೇಕು. ಮನೇನೂ ಹಾಗೇ ತಾನೇ?” ಎಂದು ಮೆಟ್ಟಿಲಿಳಿದು ಹೋದಳು.

ಈಗ ಕೇಳಿ. ಗುಂಡನಿಗೆ ‘ಒಪ್ಪಿಸು’ ಎಂದರೆ ಗೊತ್ತಿದ್ದ ಅರ್ಥ ಒಂದೇ, ಶಾಲೆಯದು. ಟೀಚರ್ ಎದುರು ಕೈಕಟ್ಟಿ ನಿಂತು ಪದ್ಯ ಒಪ್ಪಿಸುವುದು, ಮಗ್ಗಿ ಒಪ್ಪಿಸುವುದು. ಅಂದು ಮಧ್ಯಾಹ್ನ ಇವಳು ಬಾಗಿಲು ತೆಗೆದು ಒಳಗೆ ಕಾಲಿಟ್ಟರೆ ಹುಡುಗ ತಲೆ ಬಾಚಿಕೊಂಡು, ಕೈಕಟ್ಟಿಕೊಂಡು, ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದಾನೆ. ಎರಡರ ಮಗ್ಗಿಯ ರಾಗದಲ್ಲೇ ಶುರು ಮಾಡಿದ: “ಹಾಲು ಆರಿತು, ಮುಚ್ಚಿ ಇಟ್ಟೆ. ಮಳೆ ಬರಲಿಲ್ಲ, ಕಿಟಕಿ ಬಿಟ್ಟೆ. ಲೋಟ ಎರಡು. ಒಂದು ತೊಳೆದೆ. ಇನ್ನೊಂದು...” ಅಲ್ಲಿಗೆ ರಾಗ ನಿಂತಿತು. “ಇನ್ನೊಂದು ಕೈಜಾರಿ ಒಡೆದೋಯ್ತು. ಚೂರು ಸೋಫಾ ಕೆಳಗೆ ತಳ್ಳಿದೀನಿ.”

ನಾನು ಹೊಟ್ಟೆ ಹಿಡಿದುಕೊಂಡು ನಗಲು ಶುರು ಮಾಡಿದೆ. ಇವಳು ನನ್ನತ್ತ ಬೀರಿದ ನೋಟ ನೀವು ನೋಡಬೇಕಿತ್ತು, ನಿಮ್ಮ ಸಿಟ್ಟಿನ ನೋಟಕ್ಕೆ ಏನೇನೂ ಕಮ್ಮಿಯಿಲ್ಲ. ಹೆಗಲ ಚೀಲವನ್ನೂ ಇಳಿಸದೆ, ಕೊನೆಯ ತನಕ ನಿಂತೇ ಕೇಳಿದಳು. “ಒಪ್ಪಿಕೊಂಡೆ” ಎಂದಳು. ಆಮೇಲೆ ಅವನ ಎತ್ತರಕ್ಕೆ ಬಗ್ಗಿ, “ಒಡೆದದ್ದನ್ನೂ ಹೇಳಿದ್ಯಲ್ಲ, ಅದಕ್ಕೇ ನಿನ್ನ ಪಾಳಿ ಸರಿಯಾಗಿದೆ ಅನ್ನೋದು. ನಮ್ಮಲ್ಲಿ ತಪ್ಪು ಮಾಡಿದೋರಿಂದ ಅಷ್ಟು ತೊಂದರೆ ಆಗಲ್ಲ, ಮುಚ್ಚಿಟ್ಟೋರಿಂದ ಆಗುತ್ತೆ. ಬಾ, ಚೂರು ತೆಗೆಯೋಣ, ನೀನು ಕೈ ಹಾಕಬೇಡ, ಟಾರ್ಚ್ ಹಿಡಿ,” ಎಂದಳು.

ಅಷ್ಟೇ. ಜಾಣ ಅನ್ನಲಿಲ್ಲ, ಬಂಗಾರ ಅನ್ನಲಿಲ್ಲ, ಚಾಕೊಲೇಟು ಕೊಡಲಿಲ್ಲ. ಆದರೆ ಹುಡುಗನ ಎದೆ ಎರಡಿಂಚು ಉಬ್ಬಿತ್ತು ಅತ್ತೆ. ತನಗಿಂತ ಐದು ಪಟ್ಟು ದೊಡ್ಡವಳೊಬ್ಬಳು ತನ್ನೆದುರು ನಿಂತು ತನ್ನ ಕೆಲಸದ ವರದಿ ಕೊಟ್ಟದ್ದು, ಆಮೇಲೆ ತನ್ನ ವರದಿಗಾಗಿ ನಿಂತುಕೊಂಡದ್ದು ಅವನ ಜನ್ಮದಲ್ಲೇ ಮೊದಲು. ಮರುದಿನ ಬೆಳಗ್ಗೆ ಅವನೇ ಕೇಳಿದ, “ಸಿಸ್ಟರ್, ಇವತ್ತು ನನಗೆ ಒಪ್ಪಿಸಲ್ವಾ?”

ಹೀಗೆ ಅವನ ತಪ್ಪು ತಿಳಿವಳಿಕೆಯೇ ಈ ಮನೆಯ ಪದ್ಧತಿಯಾಯಿತು. ಈಗಲೂ ನಮ್ಮಲ್ಲಿ ಕೆಲಸ ಒಪ್ಪಿಸುವವರು ಕೈಕಟ್ಟಿ ನಿಂತು ಮಗ್ಗಿಯ ರಾಗದಲ್ಲಿ ಒಪ್ಪಿಸಬೇಕು. ನನಗೂ ವಿನಾಯಿತಿಯಿಲ್ಲ. ‘ಬಚ್ಚಲು ಉಜ್ಜಿದೆ, ಬಕೆಟ್ಟು ಬೋರಲು ಹಾಕಿದೆ, ಮೂಲೆಯ ಪಾಚಿ ಹೋಗಲಿಲ್ಲ’ ಎಂದು ನಲವತ್ತಮೂರು ವರ್ಷದ ಗಂಡಸು ರಾಗ ಎಳೆಯುವುದನ್ನು ನೆನೆಸಿಕೊಳ್ಳಿ. ಒಮ್ಮೆ ಚಾದರ ಮಡಚಿಟ್ಟು ಒಪ್ಪಿಸಿದಾಗ ಗುಂಡ ಬಂದು ಕಣ್ಣು ಕಿರಿದು ಮಾಡಿ, “ಅಪ್ಪಾ, ಅಂಚು ಓರೆ,” ಎಂದ! ಪ್ರೆಸ್ಸಿನ ಹುಡುಗರ ಶಾಪ ತಟ್ಟಿತು ಅಂದುಕೊಂಡೆ.

ಪುಸ್ತಕ ಕಟ್ಟುವವನಿಗೆ ಮಾತು ಕಟ್ಟಲು ಬರುವುದಿಲ್ಲ, ಆದರೂ ಇವಳನ್ನು ನೋಡಿ ನಾನು ಕಲಿತ ಎರಡು ಸಂಗತಿಗಳನ್ನು ಹೇಳಲೇಬೇಕು. ಒಂದು ದಿನ ನಾನು ಗುಂಡನಿಗೆ “ಸಿಸ್ಟರ್‌ಗೆ ಸ್ವಲ್ಪ ಸಹಾಯ ಮಾಡೋ” ಎಂದೆ. ಮಕ್ಕಳು ಆಚೆ ಹೋದ ಮೇಲೆ ಇವಳು ಹೇಳಿದಳು, “ಸಹಾಯ ಅನ್ನಬೇಡಿ. ಸಹಾಯ ಅಂದ್ರೆ ಕೆಲಸ ಎಲ್ಲಾ ನಂದು, ಅವರು ನೆಂಟರು, ಪಾಪ ಕೈ ಹಾಕಿದ್ರು ಅಂತ ಅರ್ಥ. ನೆಂಟರು ಎಷ್ಟು ದಿನ ಕೈ ಹಾಕ್ತಾರೆ?” ಹನ್ನೊಂದು ವರ್ಷ ನಾನು ನನ್ನ ಮನೆಯಲ್ಲಿ ನೆಂಟನಾಗಿದ್ದೆ ಎಂದು ನನಗೆ ಆ ಗಳಿಗೆಯಲ್ಲಿ ಹೊಳೆಯಿತು.

ಇನ್ನೊಂದು, ಗುಂಡ ಗುಡಿಸಿದ ಮೇಲೆ ಕಸ ಉಳಿದಿತ್ತು. ಅವನು ಆಟಕ್ಕೆ ಹೋದದ್ದೇ ನಾನು ಪೊರಕೆ ಎತ್ತಿದೆ. ಇವಳು ನನ್ನ ಕೈ ಹಿಡಿದಳು. “ಒಪ್ಪಿಕೊಂಡ ಮೇಲೆ ಮತ್ತೆ ಗುಡಿಸಬಾರದು. ಅವನಿಗೆ ಗೊತ್ತಾದ್ರೆ, ನನ್ನ ಕೆಲಸ ಬರೀ ಆಟ ಅಂದ್ಕೋತಾನೆ. ಈ ಕಸ ನಾಳೆವರೆಗೂ ಇರಲಿ, ಯಾರೂ ಸಾಯಲ್ಲ.” ಆ ಕಸವನ್ನು ದಾಟಿಕೊಂಡು ಓಡಾಡುವುದು ನನಗೆಷ್ಟು ಕಷ್ಟವಾಯಿತೋ! ಮೂರನೆಯ ದಿನ ಗುಂಡನೇ “ಇಲ್ಲಿ ಮರಳು ಕಾಲಿಗೆ ಚುಚ್ತಾ ಇದೆ, ಯಾರ ಪಾಳಿ ಇದು?” ಎಂದು ರೇಗಿ, ಆಮೇಲೆ ತನ್ನದೇ ಎಂದು ನೆನಪಾಗಿ, ಪೆಚ್ಚಾಗಿ ಪೊರಕೆ ತಂದ.

ಮೆಟ್ಟಿಲಿನ ಕಥೆಯೂ ಹೀಗೇ. ಅದನ್ನು ಯಾರೂ ಅವನಿಗೆ ಹೇಳಲಿಲ್ಲ, ಅವನೇ ‘ಇದು ನನ್ನ ವಾರ್ಡು’ ಎಂದು ಹಿಡಿದುಕೊಂಡ. ಟೈಲರಮ್ಮ ಕನಿಕರಪಟ್ಟು “ಅಯ್ಯೋ ಕಂದಾ, ನಿನಗ್ಯಾಕೆ ಈ ಗತಿ, ಕೊಡು ಇಲ್ಲಿ” ಎಂದು ಪೊರಕೆ ಕಸಿದುಕೊಂಡರಂತೆ. ಇವನು “ನಿಮಗೆ ಒಪ್ಪಿಸಿಲ್ಲ! ನಿಮಗೆ ಒಪ್ಪಿಸಿಲ್ಲ!” ಎಂದು ಪೊರಕೆಯ ಇನ್ನೊಂದು ತುದಿ ಹಿಡಿದು ಜೋತಾಡಿದ್ದಾನೆ. ಆ ಜಗ್ಗಾಟದ ಸುದ್ದಿಯೇ ‘ಮಲತಾಯಿಯ ಕಾಟ’ವಾಗಿ ನಿಮ್ಮಲ್ಲಿಗೆ ಬಂದದ್ದು.

ಮಲತಾಯಿ ಎಂದಾಗ ನೆನಪಾಯಿತು. ಪೇಪರಿನಲ್ಲಿ ಆಗಾಗ ‘ಮಲತಾಯಿ ಧೋರಣೆ’ ಎಂದು ದೊಡ್ಡ ಅಕ್ಷರದಲ್ಲಿ ಬರುತ್ತದಲ್ಲ, ಇವಳು ಅದನ್ನು ನೋಡಿದಾಗಲೆಲ್ಲ “ಬನ್ನಿ, ನಮ್ಮನೆ ಸುದ್ದಿ ಬಂದಿದೆ” ಎಂದು ಕರೆದು ತೋರಿಸುತ್ತಾಳೆ. ನಗುತ್ತಲೇ ತೋರಿಸುತ್ತಾಳೆ. ಆ ನಗುವಿಗೆ ಎಷ್ಟು ಗಟ್ಟಿ ಎದೆ ಬೇಕೆಂದು ನನಗೆ ಗೊತ್ತು.

ಇನ್ನು ಪುಟ್ಟಕ್ಕ. ಅವಳದ್ದು ಸುಲಭವಾಗಿ ಆಗಲಿಲ್ಲ, ಅದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಅಮ್ಮ ಹೋದಾಗ ಗುಂಡನಿಗೆ ಐದು ವರ್ಷ, ಅಮ್ಮನ ನೆನಪು ಅವನಿಗೆ ಅರ್ಧಂಬರ್ಧ. ಪುಟ್ಟಕ್ಕನಿಗೆ ಒಂಬತ್ತು. ಎಲ್ಲ ಗೊತ್ತಾಗುವ ವಯಸ್ಸು. ಇವಳು ಬಂದ ಮೇಲೆ ನಾಲ್ಕು ತಿಂಗಳು ಅವಳು ಒಂದು ತಟ್ಟೆ ಎತ್ತಲಿಲ್ಲ. ಪುಸ್ತಕ ಹಿಡಿದು ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಒಮ್ಮೆ ನನ್ನೆದುರೇ ಹೇಳಿಬಿಟ್ಟಳು, “ನೀವು ನಮ್ಮಮ್ಮ ಅಲ್ಲ. ನನಗೇನೂ ಹೇಳಬೇಡಿ.” ನಾನು ಕೈ ಎತ್ತಿದ್ದೆ ಅತ್ತೆ, ಹೊಡೆಯಲು. ಇವಳು ನಡುವೆ ಬಂದು, “ಹೌದು, ಅಲ್ಲ. ಹೇಳೋದೂ ಇಲ್ಲ,” ಎಂದಳು. ಆದರೆ ಡ್ಯೂಟಿಗೆ ಹೊರಡುವಾಗ ಪ್ರತಿದಿನ ಮುಚ್ಚಿದ ಆ ಬಾಗಿಲಿನ ಮುಂದೆ ನಿಂತು, ಗುಂಡನಿಗೆ ಒಪ್ಪಿಸಿದ್ದನ್ನೇ ಇನ್ನೊಮ್ಮೆ ಒಪ್ಪಿಸಿ ಹೋಗುತ್ತಿದ್ದಳು. ಹಾಲು ಇಂಥಲ್ಲಿದೆ, ಕಿಟಕಿ ಹೀಗಿದೆ. ಬಾಗಿಲಿಗೆ! ನಾನಾಗಿದ್ದರೆ ನಾಲ್ಕನೇ ದಿನ ಬಾಗಿಲು ಮುರಿಯುತ್ತಿದ್ದೆ.

ಬಾಗಿಲು ತೆರೆದದ್ದು ಇವಳ ಜಾಣತನದಿಂದಲ್ಲ, ಇವಳು ಮಾಡಿದ ತಪ್ಪಿನಿಂದ. ಒಂದು ಸಂಜೆ ಪುಟ್ಟಕ್ಕನ ಶಾಲೆಯ ಸ್ಕರ್ಟಿಗೆ ಇಸ್ತ್ರಿ ಹಾಕುತ್ತಿದ್ದಾಗ ಆಸ್ಪತ್ರೆಯಿಂದ ಫೋನ್ ಬಂತು. ಪೆಟ್ಟಿಗೆಯನ್ನು ಬಟ್ಟೆಯ ಮೇಲೇ ಬಿಟ್ಟು ಹೋದಳು. ಮನೆಯೆಲ್ಲ ಸುಟ್ಟ ವಾಸನೆ. ಸ್ಕರ್ಟಿನ ನಡುವೆ ಇಸ್ತ್ರಿ ಪೆಟ್ಟಿಗೆಯದೇ ಆಕಾರದ ತೂತು. ಪುಟ್ಟಕ್ಕ ಕೋಣೆಯಿಂದ ಓಡಿ ಬಂದಳು. ಮುಖ ಕೆಂಪಾಗಿತ್ತು, ಈಗ ನಾಲ್ಕು ತಿಂಗಳ ಸಿಟ್ಟು ಹೊರಬರುತ್ತದೆ ಎಂದು ನಾನು ಹೆದರಿದೆ.

ಇವಳು ಫೋನ್ ಕೆಳಗಿಟ್ಟು ಬಂದು, ಪುಟ್ಟಕ್ಕನ ಎದುರು ಗುಂಡನ ಹಾಗೇ ಕೈಕಟ್ಟಿ ನಿಂತಳು. ರಾಗವಿಲ್ಲ, ನಗುವಿಲ್ಲ. “ಇಸ್ತ್ರಿ ಹಚ್ಚಿದ್ದೆ. ಫೋನ್ ಬಂತು. ಆಫ್ ಮಾಡದೆ ಹೋದೆ. ನಿನ್ನ ಸ್ಕರ್ಟ್ ಸುಟ್ಟೆ. ತಪ್ಪು ನಂದು, ಬೇರೆ ಯಾರದ್ದೂ ಅಲ್ಲ. ನಾಳೆ ಬೆಳಗ್ಗೆ ಸ್ಕೂಲಿಗೆ ಬಂದು ನಿಮ್ಮ ಟೀಚರ್ ಹತ್ರಾನೂ ನಾನೇ ಹೇಳ್ತೀನಿ.”

ಪುಟ್ಟಕ್ಕ ಅವಳನ್ನೇ ನೋಡುತ್ತಾ ನಿಂತಳು. ದೊಡ್ಡವರು ಮಕ್ಕಳೆದುರು ಹಾಗೆ ನಿಂತದ್ದನ್ನು ಆ ಮಗು ಎಲ್ಲಿ ನೋಡಿರಬೇಕು? ನಾನಂತೂ ತೋರಿಸಿರಲಿಲ್ಲ. ಸುಟ್ಟ ಸ್ಕರ್ಟನ್ನು ಕೈಗೆತ್ತಿಕೊಂಡು ಸಣ್ಣ ದನಿಯಲ್ಲಿ “ಒಪ್ಪಿಕೊಂಡೆ” ಎಂದಳು. ಮರುದಿನ ಶಾಲೆಯಿಂದ ಬಂದು ಚೀಲ ಇಡುತ್ತಾ, “ಇನ್ಮೇಲೆ ಇಸ್ತ್ರಿ ನಂದು. ನಿಮಗೆ ಬರಲ್ಲ,” ಎಂದು ಹೇಳಿ ಒಳಗೆ ಹೋದಳು. ನಿಮ್ಮ ಮಗಳ ಗತ್ತೇ! ಇವಳು ಅಡುಗೆಮನೆಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡು ಬಂದಳು. ಕಣ್ಣು ಮಾತ್ರ ಕೆಂಪಗೇ ಇತ್ತು.

ಈಗ ಪುಟ್ಟಕ್ಕ ಇಸ್ತ್ರಿ ಮಾಡಿದ ನನ್ನ ಅಂಗಿಯ ಕಾಲರು ನೋಡಬೇಕು ನೀವು. ಪ್ರೆಸ್ಸಿನಲ್ಲಿ ಕಟಿಂಗ್ ಯಂತ್ರದಿಂದ ಬಂದ ಕಾಗದದಂತೆ ಇರುತ್ತದೆ. ಯಾರೂ ಹೇಳದೆಯೇ ಹಾಲು ಹಿಡಿದಳು, ತರಕಾರಿ ಹಿಡಿದಳು. ಹೆಸರು ಹಿಡಿದು ಕರೆಯುವುದು ಇನ್ನೂ ಬಂದಿಲ್ಲ. “ರೀ” ಎನ್ನುತ್ತಾಳೆ. ಇವಳು ‘ಓ’ ಎನ್ನುತ್ತಾಳೆ. ಗಂಡ ಹೆಂಡತಿಯ ಹಾಗೆ ಎಂದು ನಾನು ಕೀಟಲೆ ಮಾಡಿದರೆ ಇಬ್ಬರೂ ಸೇರಿ ನನ್ನನ್ನು ಬೈಯುತ್ತಾರೆ. ಅಷ್ಟರಮಟ್ಟಿಗೆ ಒಗ್ಗಟ್ಟು ಬಂದಿದೆ.

ನಿಮ್ಮ ಪತ್ರವನ್ನು ನಾನು ಬಚ್ಚಿಡಲಿಲ್ಲ, ಮೇಜಿನ ಮೇಲಿಟ್ಟೆ. ಮನೆಯವರೆಲ್ಲ ಓದಿದರು. ಇವಳಿಗೆ ಸಿಟ್ಟು ಬರುತ್ತದೆ ಅಂದುಕೊಂಡೆ. “ಅವರ ಜಾಗದಲ್ಲಿ ನಾನಿದ್ದಿದ್ರೆ ಪತ್ರ ಬರೀತಿರಲಿಲ್ಲ, ಅವತ್ತೇ ಬಸ್ ಹತ್ತುತಿದ್ದೆ,” ಎಂದಳು. ಗುಂಡ “ಅಜ್ಜಿ ಮನೇಲಿ ಮೆಟ್ಟಿಲು ಎಷ್ಟಿದೆ?” ಎಂದು ಕೇಳಿದ. ಪುಟ್ಟಕ್ಕ ಪತ್ರವನ್ನು ಮಡಚಿಟ್ಟು ಎದ್ದು ಹೋದಳು.

ರಜಾ ಶುರುವಾದ ದಿನ ಖಂಡಿತ ಬನ್ನಿ. ಕರೆದುಕೊಂಡು ಹೋಗಲು ಅಲ್ಲ, ಇರಲು ಬನ್ನಿ. ಹದಿನೈದು ದಿನ ಇದ್ದು ನಿಮ್ಮ ಕಣ್ಣಾರೆ ನೋಡಿ. ಮಕ್ಕಳ ಮುಖದಲ್ಲಿ ದುಡಿಸಿಕೊಂಡವರ ಕಳೆ ಕಂಡರೆ, ಆ ದಿನವೇ ಅವರ ಬಟ್ಟೆಬರೆ ನಾನೇ ಕಟ್ಟಿಕೊಡುತ್ತೇನೆ. ಮಾತು ತಪ್ಪುವುದಿಲ್ಲ. ಒಂದು ಎಚ್ಚರಿಕೆ: ಗುಂಡ ನಿಮಗೂ ಒಂದು ಪಾಳಿ ಗೊತ್ತು ಮಾಡಿಟ್ಟಿದ್ದಾನೆ. ಮಂಡಿನೋವು ಇರುವುದರಿಂದ ಕೂತು ಮಾಡುವ ಕೆಲಸವಂತೆ.

ಮಾವನವರಿಗೆ ನನ್ನ ನಮಸ್ಕಾರ. ನಾಲ್ವರಿಗೂ ನಿಮ್ಮ ಆಶೀರ್ವಾದ ಬೇಕು. ಮೂವರಿಗೆ ನಾವು ಕೇಳದೆಯೇ ಕೊಡುತ್ತೀರಿ. ನಾಲ್ಕನೆಯವಳಿಗೂ ಕೊಡಿ ಎಂದು ಬೇಡಿಕೊಳ್ಳುತ್ತೇನೆ.

ಇತಿ,
ನಿಮ್ಮ ಅಳಿಯ

ಮರೆತ ಮಾತು: ಮರೆತದ್ದಲ್ಲ ಅತ್ತೆ. ಪತ್ರ ಅಂಟಿಸುವ ಮೊದಲು ಇವಳಿಗೆ ಓದಲು ಕೊಟ್ಟೆ. “ನನ್ನ ಹೊಗಳಿಕೆ ಜಾಸ್ತಿಯಾಯ್ತು, ನಿಮ್ಮ ಮಾತು ಅರ್ಧಕ್ಕೇ ನಿಂತಿದೆ,” ಎಂದು ವಾಪಸು ಕೊಟ್ಟಳು. ನಾಲ್ಕು ಸಲ ಹರಿದದ್ದು ಇದನ್ನು ಬರೆಯಲಾಗದೆ.

ನಿಮ್ಮ ಪತ್ರ ಓದಿದ ಸಂಜೆ ಪುಟ್ಟಕ್ಕ ತಾರಸಿಯ ಮೆಟ್ಟಿಲ ಮೇಲೆ ಹೋಗಿ ಕೂತಿದ್ದಳು. ಇವಳು ಹೋಗಿ ಪಕ್ಕದಲ್ಲಿ ಕೂತಳು, ಏನೂ ಕೇಳಲಿಲ್ಲವಂತೆ. ಅರ್ಧ ಗಂಟೆಯಾದ ಮೇಲೆ ಮಗು ತಾನಾಗಿ ಬಾಯಿ ಬಿಟ್ಟಿದೆ. ನಿಮ್ಮ ಮಗಳು ಬಿದ್ದ ದಿನ ಬೆಳಗ್ಗೆ ಅವಳನ್ನು ಕರೆದು, “ಯಾಕೋ ಉಸಿರು ಕಟ್ಟಿದ ಹಾಗಾಗ್ತಿದೆ ಪುಟ್ಟಾ, ಈ ಒದ್ದೆ ಬಟ್ಟೆ ಬಕೆಟ್ ಒಂದು ಮೇಲಿಟ್ಟು ಬರ್ತೀಯಾ?” ಎಂದಿದ್ದಳಂತೆ. ಪುಟ್ಟಕ್ಕ “ಹೋಂವರ್ಕ್ ಇದೆ, ಹೋಗಮ್ಮಾ” ಎಂದಿದ್ದಾಳೆ. ಅಮ್ಮ ತಾನೇ ಎತ್ತಿಕೊಂಡು ಹೋದಳು, ಆ ಮೆಟ್ಟಿಲ ಮೇಲೇ ಕುಸಿದಳು. ಮೂರು ವರ್ಷದಿಂದ ಆ ಮಗು ಅಮ್ಮನನ್ನು ತಾನೇ ಕೊಂದೆ ಎಂದುಕೊಂಡು ಊಟ ಮಾಡಿದೆ, ಶಾಲೆಗೆ ಹೋಗಿದೆ, ನಿಮ್ಮ ಮಡಿಲಲ್ಲಿ ಮಲಗಿ ಎದ್ದಿದೆ.

ಅವಳಿಗೆ ಆಗ ಗೊತ್ತಿಲ್ಲದ ಒಂದು ಸಂಗತಿಯಿದೆ, ನಿಮಗೂ ಗೊತ್ತಿಲ್ಲ. ಮಗಳನ್ನು ಕೇಳುವ ಮೊದಲು ನಿಮ್ಮ ಮಗಳು ನನ್ನನ್ನು ಕೇಳಿದ್ದಳು. ನಾನು ಗಡ್ಡ ಮಾಡಿಕೊಳ್ಳುತ್ತಿದ್ದೆ. ಕನ್ನಡಿಯಿಂದ ಮುಖ ತಿರುಗಿಸದೆ, “ಬಟ್ಟೆ ಒಣಗಿಹಾಕೋದು ಯಾವಾಗಿಂದ ನನ್ನ ಕೆಲಸ ಆಯ್ತು?” ಎಂದು ನಕ್ಕೆ. ಅವಳೂ ನಕ್ಕಳು. ಅದಕ್ಕೂ ಹದಿನೈದು ದಿನ ಮೊದಲಿನಿಂದ ಮೆಟ್ಟಿಲು ಹತ್ತಿದರೆ ಎದೆ ಹಿಡಿಯುತ್ತದೆ ಎನ್ನುತ್ತಿದ್ದಳು. ಈ ಕೆಲಸ ಮುಗಿಯಲಿ, ಡಾಕ್ಟರ ಹತ್ತಿರ ಹೋಗೋಣ ಎಂದು ಮುಂದೂಡಿದವನು ನಾನು. ನಿಮ್ಮೆದುರು, ಅವಳಿಗೆ ಏನೂ ಇರಲಿಲ್ಲ, ಇದ್ದಕ್ಕಿದ್ದಂತೆ ಹೀಗಾಯಿತು ಎಂದೆ. ನೀವು ನಂಬಿದಿರಿ. ಎಂಟು ತಿಂಗಳು ನನಗೆ ಬಡಿಸಿದಿರಿ.

ಇವಳು ಆ ದಿನದ ಆಸ್ಪತ್ರೆಯ ಕಾಗದಗಳನ್ನೆಲ್ಲ ನೋಡಿದ್ದಾಳೆ. ಹೃದಯ ಮೊದಲೇ ಸೋತಿತ್ತು, ಆ ಒಂದು ಬಕೆಟ್ಟಿನಿಂದ ಆದದ್ದಲ್ಲ ಎನ್ನುತ್ತಾಳೆ. ಹದಿನೈದು ದಿನ ಮೊದಲು ತೋರಿಸಿದ್ದರೆ ಉಳಿಯುತ್ತಿದ್ದಳೇ ಎಂದು ಕೇಳಿದೆ. ಸುಳ್ಳು ಹೇಳುವವಳಲ್ಲ, ಸುಮ್ಮನಿದ್ದಳು.

ಪುಟ್ಟಕ್ಕನಿಗೆ ಎಲ್ಲವನ್ನೂ ಹೇಳಿದೆ, ತಪ್ಪು ನಿನ್ನದಲ್ಲ ನನ್ನದು ಎಂದೆ. “ನನ್ನ ಸಮಾಧಾನಕ್ಕೆ ಹೇಳ್ತೀರಿ ಅಪ್ಪಾ,” ಎನ್ನುತ್ತಾಳೆ. ನನ್ನ ಮಾತು ಅವಳಿಗೆ ನಾಟುತ್ತಿಲ್ಲ, ಇವಳ ಮಾತೂ ನಾಟುತ್ತಿಲ್ಲ. ಅಮ್ಮನ ಅಮ್ಮ ಹೇಳಿದರೆ ನಂಬುತ್ತಾಳೆ. ನೀವು ಬಂದ ತಕ್ಷಣ ಮೊದಲು ಅವಳನ್ನು ಹತ್ತಿರ ಕೂರಿಸಿಕೊಳ್ಳಿ. ಆಮೇಲೆ ನನ್ನ ಕಡೆ ತಿರುಗಿ. ಏನು ಬೇಕಾದರೂ ಅನ್ನಿ, ಮಕ್ಕಳನ್ನು ಕರೆದುಕೊಂಡು ಹೋಗುವುದೇ ನ್ಯಾಯ ಎನಿಸಿದರೆ ಅದನ್ನೂ ಅನ್ನಿ, ಎದುರಾಡುವುದಿಲ್ಲ.

ಅವಳು ಮೂರು ವಾರದಿಂದ ದಿನಾ ಒಂದೇ ಮಾತು ಕೇಳುತ್ತಿದ್ದಾಳೆ: “ಗೊತ್ತಾದ ಮೇಲೂ ಅಜ್ಜಿ ನನ್ನನ್ನ ಮೊದಲಿನ ಹಾಗೆ ಹತ್ತಿರ ಕರೀತಾರಾ?” ನಾನು ಹೌದು ಎಂದರೆ ನಂಬುವುದಿಲ್ಲ.